ಮೊದಲ ಸಾಲಿನಲ್ಲಿ ಮಾವ

ಬೆಳಿಗ್ಗೆಯಿಂದ ಕಚೇರಿಯಲ್ಲಿ ಇಂಟರ್ನೆಟ್ ಇಲ್ಲ. ಸಂಜೆಯೊಳಗೆ ಟೆಂಡರ್ ಕಳಿಸದಿದ್ದರೆ ಇಡೀ ವರ್ಷದ ಕೆಲಸವೇ ಕೈತಪ್ಪುತ್ತದೆಂದು ಯಜಮಾನರು ಶತಪಥ ಹಾಕುತ್ತಿದ್ದರು. ಇಂಟರ್ನೆಟ್ಟಿಗೆ ಕಾವಲು ಕಾಯುವ ಹೊಸ ಫೈರ್‌ವಾಲ್ ಯಂತ್ರ ಕೂರಿಸಿದ್ದ ಅವರ ಅಳಿಯ ಇದ್ದಬದ್ದ ಕೇಬಲ್ಲುಗಳನ್ನೆಲ್ಲ ಕಿತ್ತು, ಮತ್ತೆ ಚುಚ್ಚಿ, ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ.

ರಿಪೇರಿಗೆ ಬಂದ ಇಂಜಿನಿಯರಮ್ಮ ಪರದೆ ನೋಡಿ ನಕ್ಕುಬಿಟ್ಟರು.

"ಕೇಬಲ್ಲು, ದಾರಿ ಎಲ್ಲ ಸರಿಯಾಗೇ ಇದೆ. ಆದ್ರೆ ಈ ಫೈರ್‌ವಾಲ್ ನಿಯಮಗಳನ್ನ ಮೇಲಿಂದ ಓದುತ್ತೆ, ಮೊದಲು ಸಿಕ್ಕಿದ್ದನ್ನೇ ಪಾಲಿಸುತ್ತೆ. 'ಯಾರನ್ನೂ ಹೊರಗೆ ಬಿಡಬೇಡ' ಅಂತ ತಲೆ ಮೇಲೇ ಬರೆದಿದ್ದೀರಿ. ಕೆಳಗೆ ಗುಮಾಸ್ತರಿಗೆ ಕೊಟ್ಟಿರೋ ಅನುಮತಿಗಳನ್ನ ಕೇಳೋರ್ಯಾರು? ಆ ಮೊದಲ ಸಾಲನ್ನ ಕೊನೇಗೆ ಹಾಕಿ."

ಅಳಿಯ ದನಿ ತಗ್ಗಿಸಿದ. "ಮೆಲ್ಲಗೆ ಮಾತಾಡಿ ಮೇಡಂ. ಅದು ಮಾವನವರ ಅಪ್ಪಣೆ. ಗುಮಾಸ್ತರ ಸಾಲಿಗಿಂತ ಕೆಳಗೆ ಅವರನ್ನ ಹೇಗೆ ಕೂರಿಸ್ಲಿ?"

ಯಜಮಾನರ ಶತಪಥ ನಿಂತಿತು.

"ಅಳಿಯಂದಿರೇ, ಮನೇಲಿ ನಿಮ್ಮತ್ತೆ, ನಿಮ್ಮ ಹೆಂಡತಿ, ಅಡುಗೆಯವಳು, ಎಲ್ಲರ ಮಾತೂ ಮುಗಿದ ಮೇಲೇ ನನ್ನ ಮಾತು. ನನಗೆ ರೂಢಿಯಾಗಿದೆ. ಇಳಿಸ್ರೀ ಕೆಳಗೆ!"

ಅಳಿಯ ಪರದೆಗೊಮ್ಮೆ ಕೈಮುಗಿದು, ಕಣ್ಮುಚ್ಚಿ, ಮಾವನನ್ನು ಕಟ್ಟಕಡೆಗೆ ಇಳಿಸಿದ. ಕಣ್ಣು ಬಿಡುವಷ್ಟರಲ್ಲಿ ಇಂಟರ್ನೆಟ್ ಬಂದಿತ್ತು. ಟೆಂಡರ್ ತಲುಪಿದ ಸುದ್ದಿ ಬರುವವರೆಗೂ ಅವನು ಮಾವನ ಮುಖ ಮಾತ್ರ ನೋಡಲಿಲ್ಲ.