ಇಳುಕಲಿನಲ್ಲಿ ಗೇರ್ ಬಿಡಬೇಡಿ

ಕಬ್ಬು ಕಡಿಯುವ ದಿನ ಬಂದರೆ ನಮ್ಮೂರ ಬಂದಗಿಸಾಬರಿಗೆ ಪುರುಸೊತ್ತಿಲ್ಲ. ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿ, ತುಂಬ ಕಬ್ಬು ಹೇರಿ ಹೊರಡುತ್ತಾರೆ. ಅವರದೊಂದು ಕೆಟ್ಟ ಚಾಳಿ. ಇಳುಕಲು ಬಂತೋ ಇಲ್ಲವೋ, ಡೀಸೆಲ್ ಉಳಿಯಲೆಂದು ಗೇರ್ ಬಿಡಿಸಿ ನ್ಯೂಟ್ರಲ್ ಮಾಡಿ ಹಾಯಾಗಿ ಕೂತುಬಿಡುತ್ತಾರೆ.

ಹೋದ ವಾರ ಅದೇ ಚಾಳಿ ಎದೆ ಝಲ್ಲೆನ್ನಿಸಿತು. ಇಳುಕಲಿನ ಬುಡದಲ್ಲಿ ಬಸ್ ಸ್ಟಾಪು. ಬ್ರೇಕ್ ಒತ್ತಿದರೂ ಟ್ರ್ಯಾಕ್ಟರ್ ನಿಲ್ಲದೆ ಅಲ್ಲಿದ್ದವರ ಮೇಲೆಯೇ ನುಗ್ಗಿ ಬಂತು; ಜನ ದಿಕ್ಕಾಪಾಲಾಗಿ ಓಡಿದರು. ಬಸ್ಸಿಗೆ ಕಾಯುತ್ತಿದ್ದ ಬಂದಗಿಸಾಬರ ಹೆಂಡತಿ ಸುಲ್ತಾನಬಿ ಹಿಂದಕ್ಕೆ ಜಿಗಿದು ಉಳಿದಳು. ಒಂದು ಹೆಜ್ಜೆ ತಡವಾಗಿದ್ದರೆ ಇದನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸುಲ್ತಾನಬಿ ಪಕ್ಕದ ಮನೆಯ ಸುಮೇಧಾ ಅವರನ್ನು ಕರೆತಂದಳು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು.

“ಅಕ್ಕೋರ, ನೀವರ ಹೇಳ್ರಿ. ನನ್ನ ಮಾತ ಕಿವ್ಯಾಗ ಹಾಕ್ಕೊಳ್ಳಂಗಿಲ್ಲ.”

ಬಂದಗಿಸಾಬರು ಚಹಾ ಸಾಸರಿಗೆ ಸುರಿದುಕೊಂಡರು. “ಇಪ್ಪತ್ತು ವರ್ಷ ಆತ್ರಿ ಟ್ರ್ಯಾಕ್ಟರ್ ಹೊಡ್ಯಾಕತ್ತು. ಬ್ರೇಕ್ ಸಡ್ಲ ಆಗೇತಿ, ಬಿಗಿ ಮಾಡಸ್ತೇನಿ. ನ್ಯೂಟ್ರಲ್ ಏನ್ ಮಾಡತೈತ್ರಿ?”

ಟೀಚರು ವಾದ ಮಾಡಲಿಲ್ಲ. ಬಾಗಿಲಲ್ಲಿದ್ದ ಖಾಲಿ ತಳ್ಳುಗಾಡಿ ತೋರಿಸಿದರು. “ಕಾಕಾ, ಜೋರಾಗಿ ದೂಡ್ಕೋತ ಹೋಗ್ರಿ. ನಾ ಹೇಳಿದ ಕೂಡ್ಲೆ ನಿಂದರಸ್ರಿ.”

ಖಾಲಿ ಗಾಡಿ ಎರಡೇ ಹೆಜ್ಜೆಗೆ ನಿಂತಿತು. ಆಮೇಲೆ ನಾಲ್ಕು ಚೀಲ ತೊಗರಿ ಹೇರಿಸಿದರು. “ನಿಂದರಸ್ರಿ!” ಎಂದರೆ ಗಾಡಿಯೇ ಬಂದಗಿಸಾಬರನ್ನು ಎಳೆದುಕೊಂಡು ಹೋಯಿತು. ಒಂದು ಚಪ್ಪಲಿ ಹಿಂದೆ ಉಳಿಯಿತು. ಎದುರುಮನೆಯ ಹುಚ್ಚವ್ವನ ಕಟ್ಟೆಗೆ ತಾಗುವಷ್ಟರಲ್ಲಿ ಹೇಗೋ ನಿಂತಿತು. ಓಣಿಯೆಲ್ಲ ನಕ್ಕಿತು.

“ಓಡೂ ಗಾಡಿ ತಾನಾಗಿ ನಿಂದ್ರಂಗಿಲ್ರಿ ಕಾಕಾ,” ಎಂದರು ಟೀಚರು. “ಎದುರು ಬಲ ಹಚ್ಚಬೇಕು. ಭಾರ ಹೆಚ್ಚಾದಂಗ ಬಲಾನೂ ಹೆಚ್ಚ ಬೇಕು. ಇಳಕಲದಾಗ ಭೂಮಿನೂ ಕೆಳಗ ಎಳೀತೈತಿ. ಗೇರಿನ್ಯಾಗ ಇದ್ರ ಇಂಜಿನ್ ಗಾಲೀನ ತಡೀತೈತಿ. ನೀವು ಅದನ್ನ ಬಿಡಿಸಿ, ಎರಡು ಟ್ರಾಲಿ ಭಾರ ಬರೇ ಬ್ರೇಕಿನ ಮ್ಯಾಲ ಹಾಕ್ತೀರಿ.”

ಬಂದಗಿಸಾಬರು ಬೆವರು ಒರೆಸಿಕೊಂಡರು. “ಹಂಗಾರ ಏನ್ ಮಾಡ್ಲಿ ಹೇಳ್ರಿ.”

“ಬ್ರೇಕ್ ರಿಪೇರಿ ಮಾಡಸ್ರಿ. ಒಂದ ಟ್ರಾಲಿ ಕಟ್ರಿ. ಇಳಕಲ ಶುರು ಆಗೂಕಿಂತ ಮೊದಲ ಸಣ್ಣ ಗೇರ್, ಒಂದನೇದೋ ಎರಡನೇದೋ, ಹಾಕ್ರಿ.”

ಎರಡು ದಿನ ಬಿಟ್ಟು ಬಂದಗಿಸಾಬರು ಬ್ರೇಕ್ ರಿಪೇರಿ ಮಾಡಿಸಿ, ಒಂದೇ ಟ್ರಾಲಿ ಕಟ್ಟಿ ಮತ್ತೆ ಕಬ್ಬು ತಂದರು. ಸುಲ್ತಾನಬಿ ಸ್ಟಾಪಿನಲ್ಲಿ ಸೆರಗು ಹಿಡಿದು ನಿಂತಿದ್ದಳು. ಟ್ರ್ಯಾಕ್ಟರ್ ಗುರುಗುಟ್ಟುತ್ತ, ಸಾವಕಾಶ ಇಳಿಯಿತು. ಅಷ್ಟರಲ್ಲಿ ನಮ್ಮೂರ ಧೂಳಪ್ಪನ ಆಡುಗಳು ಒಮ್ಮೆಲೇ ರಸ್ತೆಗೆ ನುಗ್ಗಿದವು. ಬಂದಗಿಸಾಬರು ಬ್ರೇಕ್ ಒತ್ತಿದರು. ಟ್ರ್ಯಾಕ್ಟರ್ ಆಡುಗಳಿಂದ ಇಪ್ಪತ್ತು ಮಾರು ದೂರದಲ್ಲೇ ನಿಂತಿತು. ಸುಲ್ತಾನಬಿ ಗಳಗಳ ಅತ್ತಳು.

ಬಂದಗಿಸಾಬರು ಓಡಿ ಬಂದರು. “ಯಾಕ ಅಳ್ತಿ? ನಿಂತೇತಲ್ಲ!”

“ನಿಂತೇತಲ್ರೀ, ಅದಕ್ಕ ಅಳಾಕತ್ತೇನಿ.”

ಟ್ರ್ಯಾಕ್ಟರ್ ಓಡಿಸುವ ಅಣ್ಣತಮ್ಮಂದಿರೇ, ಇಳುಕಲಿನಲ್ಲಿ ಉಳಿಯುವ ಡೀಸೆಲ್ ಒಂದು ಲೋಟವೂ ಇರಲಿಕ್ಕಿಲ್ಲ. ಸಣ್ಣ ಗೇರ್ ಹಾಕಿ, ಹದವಾಗಿ ಹೇರಿ, ನಿಧಾನ ಇಳಿಯಿರಿ. ಕೆಳಗೆ ನಿಂತವರು ನಿಮ್ಮವರೇ.