ಹಸಿ ಬರೆ

ರನ್ನ ಬೆಳಗಲಿಯ ಕುರಿಹಟ್ಟಿಯಲ್ಲಿ ದುಂಡೇಶನಿಗೆ ಲಕ್ವಾ ಹೊಡೆದು ಬಲಗೈ ಬಿದ್ದಾಗ, ಅವನ ತಮ್ಮ ಮಾಳು ಗಾಡಿ ತರಲಿಲ್ಲ, ಕುಡುಗೋಲು ಕಾಸಿದ. ಕಾಲು ಬಿದ್ದ ಕುರಿಗೆ ಕೊಡುವಂತೆ ಅಣ್ಣನ ಎರಡೂ ಕಿವಿಗಳ ಮುಂದೆ ಚುರ್ರೆಂದು ಬರೆ ಎಳೆದ. ದುಂಡೇಶನ ಹೆಂಡತಿ ಸಾತವ್ವ ಮೈದುನನ ಕೈ ಕಚ್ಚಿ ಕುಡುಗೋಲು ಬೀಳಿಸಿ, ಗಂಡನನ್ನು ಜೀಪಿನಲ್ಲಿ ಬೆಳಗಾವಿಯ ಆಸ್ಪತ್ರೆಗೆ ಒಯ್ದಳು. ಮಾಳುವೂ ಹತ್ತಿಕೊಂಡ.

ಡಾಕ್ಟರು ಮಿದುಳಿನ ಎಡಭಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಏರಿಸಿ, ಸ್ಕ್ಯಾನಿಂಗ್ ಮಷೀನಿನ ಹಿಡಿ ಎತ್ತಿಕೊಂಡರು.

"ಇದರ ಸದ್ದಿನ ಅಲೆ ಬಡಿದ್ರ ಔಷಧ ಹೆಪ್ಪಿನೊಳಗ ಲಗೂನ ಇಳೀತದ. ತಲಿ ಎಲುಬು ತೆಳ್ಳಗಿರೋದು ಕಿವಿ ಮುಂದ ಇಲ್ಲೇ, ಬ್ಯಾರೆ ದಾರಿ ಇಲ್ಲ," ಎಂದು ಎಡಗಡೆಯ ಹಸಿ ಬರೆಯ ಮೇಲೇ ಒತ್ತಿದರು. ದುಂಡೇಶ ಒದರಿದ.

"ಬಸುರಿ ಹೊಟ್ಟಿ ನೋಡೋದನ್ನ ನಮ್ಮಣ್ಣನ ತಲಿಗಿ ತಿಕ್ತೀಯೇನಲೇ!" ಮಾಳು ಡಾಕ್ಟರ ಕೊರಳಪಟ್ಟಿ ಹಿಡಿದ.

ಸಾತವ್ವ ಅವನ ಕೂದಲು ಹಿಡಿದೆಳೆದು ಮಂಚಕ್ಕೆ ಮುಖ ಅಮುಕಿದಳು. "ನೀ ಸುಟ್ಟಿದ್ದಕ್ಕ ಒದರಾಕತ್ತಾನ, ಭಾಡ್ಯಾ! ನೀವು ಒತ್ರಿ ಡಾಕ್ಟರ, ಒತ್ರಿ!"

ಗಂಡ ಒದರುತ್ತಲೇ ಇದ್ದ, ಅವಳು ಹಿಡಿತ ಸಡಿಲಿಸಲಿಲ್ಲ. ಬಹಳ ಹೊತ್ತಿನ ಮೇಲೆ, ಸತ್ತಂತೆ ಬಿದ್ದಿದ್ದ ಬಲಗೈ ನಡುಗುತ್ತ ಮೇಲೆದ್ದು ತಮ್ಮನ ಕಪಾಳಕ್ಕೆ ಫಟ್ಟೆಂದು ಬಡಿಯಿತು.

"ಇನ್ನೊಂದು ಕೊಡ್ರಿ!" ಎಂದು ಸಾತವ್ವ ಬಿಕ್ಕಿ ಬಿಕ್ಕಿ ಅತ್ತಳು.