ಪರದೆಯ ಮೇಲಿನ ಪಂಪಾವತಿ

"ಪಂಪಾವತೀನ್ನ ನೋಡಿ ಬಂದೆ," ಎಂದಳು ಕಳಕಮ್ಮ, ಮಗ್ಗದ ಗುಂಡಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು.

ವಿರೂಪಾಕ್ಷಪ್ಪನ ಕೈಯಲ್ಲಿದ್ದ ಲಾಳಿ ಅರ್ಧ ದಾರಿಯಲ್ಲಿ ನಿಂತಿತು. ಗುಂಡಿಯೊಳಗೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ ಆತ ಹೆಂಡತಿಯ ಮುಖ ನೋಡಲಿಲ್ಲ. ಎಲ್ಲೋ ಎಳೆ ಹರಿದಿದೆಯೇನೋ ಎಂಬಂತೆ ಮಗ್ಗದ ಹಾಸನ್ನೇ ನೋಡಿದ.

"ಸತ್ತವರು ಎಲ್ಲಿ ಕಾಣ್ತಾರ?" ಎಂದ.

"ಪಿಚ್ಚರದಾಗ. ಸಂತಿ ಬಯಲಾಗ ಡೇರೆ ಹಾಕ್ಯಾರಲ್ಲರಿ, ಅದರಾಗ. ಕಣ್ಣಾರೆ ಕಂಡೀನಿ."

ಲಾಳಿ ಮತ್ತೆ ಓಡತೊಡಗಿತು. ಅದರ ಸದ್ದಿನಲ್ಲಿ ಮಾತು ಮುಗಿಯಿತು ಎಂದು ಆತನ ಲೆಕ್ಕ. ಕಳಕಮ್ಮನಿಗೆ ಅದು ಹೊಸದಲ್ಲ. ಈ ಮನುಷ್ಯನ ಜೊತೆ ಬಾಳ್ವೆ ಮಾಡಿದವಳಿಗೆ ಮಗ್ಗದ ಸದ್ದಿನ ಮೇಲೆ ಮಾತಾಡುವ ಅಭ್ಯಾಸವಾಗಿತ್ತು.

"ಬಡವಾಗ್ಯಾಳ. ಆದ್ರೂ ನಗತಾಳ. ಒಮ್ಮೆ ಬಂದು ನೋಡ್ರಿ," ಎಂದಳು.

ಪಂಪಾವತಿ ಸತ್ತಿರಲಿಲ್ಲ, ಅಪ್ಪನೇ ಅವಳನ್ನು ಸಾಯಿಸಿದ್ದ. ಕುಷ್ಟಗಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಪೇಟಿ ಬಾರಿಸುವವನ ಹಿಂದೆ ಅವಳು ಹೋದಳೆಂಬ ಸುದ್ದಿ ಓಣಿಯೆಲ್ಲ ಆದ ಮೇಲೆ ವಿರೂಪಾಕ್ಷಪ್ಪ ತಲೆ ಮೇಲೆ ನೀರು ಸುರಿದುಕೊಂಡು, ಸತ್ತವರಿಗೆ ಮಾಡುವಂತೆ ಮಗಳ ಹೆಸರಿನಲ್ಲಿ ದಿನ ಮಾಡಿ, ಕುಲದವರನ್ನೆಲ್ಲ ಕರೆದು ಉಣಿಸಿದ್ದ. ಜೀವ ಇರುವ ಮಗಳ ದಿನಕ್ಕೆ ಹೋಳಿಗೆ ತಟ್ಟಿದವಳು ಕಳಕಮ್ಮ. ತಟ್ಟುತ್ತಾ ತಟ್ಟುತ್ತಾ ಕೈ ಬಿದ್ದು ಹೋಗಬಾರದೇ ಎಂದು ಅನಿಸಿತ್ತು, ಬೀಳಲಿಲ್ಲ. ಬಂದವರು ಹೊಟ್ಟೆ ತುಂಬ ಉಂಡರು. ಹೋಳಿಗೆ ಭಾಳ ಮೆತ್ತಗ ಆಗ್ಯಾವ ಎಂದು ಒಬ್ಬಾಕೆ ಹೇಳಿಯೂ ಹೋದಳು. ಏನು ಜನವೋ ಏನೋ, ಅವರ ನಾಲಗೆಗೆ ನಾಚಿಕೆ ಎನ್ನುವುದೇ ಇರಲಿಲ್ಲ.

ಪರದೆಯ ಮೇಲೆ ಪಂಪಾವತಿಯನ್ನು ಮೊದಲು ಗುರುತು ಹಿಡಿದವಳು ಹಿಂದಿನ ಓಣಿಯ ಅಬೇದಾಬಿ. ಮಗ್ಗದವರ ಮನೆಗಳಿಗೆ ನೂಲು ಸುತ್ತಿಕೊಡುವ ಹೆಂಗಸು ಆಕೆ, ಪಿಚ್ಚರ್ ಎಂದರೆ ಜೀವ ಬಿಡುತ್ತಿದ್ದಳು. ಡೇರೆ ಬಂತೆಂದರೆ ಯಾವುದನ್ನು ನೋಡಬೇಕು, ಯಾವುದಕ್ಕೆ ಹೋದರೆ ದಂಡ ಎಂದು ಹೆಂಗಸರೆಲ್ಲ ಅವಳನ್ನೇ ಕೇಳುವರು. ದೇವರು ಹಾರುವ ಪಿಚ್ಚರ್, ಕುದುರೆ ಮೇಲೆ ಕತ್ತಿ ಬೀಸುವ ಪಿಚ್ಚರ್, ಇವೆಲ್ಲ ಗಂಡಸರ ಹುಡುಗಾಟ ಎಂದು ಆಕೆಯ ತೀರ್ಪು. "ನೋಡಿದವರು ಅಳಲಿಲ್ಲ ಅಂದ್ರ ಅದ್ಯಾತರ ಪಿಚ್ಚರ್?" ಎನ್ನುತ್ತಿದ್ದಳು. ಈ ಸಲ ಬಂದದ್ದು ಹಿಂದಿ ಮಾತಿನದು, ಒಬ್ಬ ಅಂಬಿಗನ ಮಗಳ ಕಥೆ. ಅಬೇದಾಬಿ ಸೆರಗು ತೋಯುವ ಹಾಗೆ ಅತ್ತು, ಮರುದಿನ ಮತ್ತೆ ಹೋಗಿ, ಮೂರನೆಯ ಸಲಕ್ಕೆ ಕಳಕಮ್ಮನ ಕೈ ಹಿಡಿದು ಎಳೆದುಕೊಂಡೇ ಹೋಗಿದ್ದಳು. "ಸುಮ್ಮನ ಬಾ ನೀ. ಕೇಳಬ್ಯಾಡ, ನೋಡು."

ಅಂಬಿಗನ ಮಗಳು ಗೆಳತಿಯರೊಡನೆ ಕೊಡ ಹೊತ್ತು ಹೊಳೆಗೆ ಬರುತ್ತಾಳೆ, ಹಾಡುತ್ತಾರೆ. ಆ ಹಾಡಿನ ನಡುವೆ ಎಡಕ್ಕೆ ನಿಂತ ಗೆಳತಿಯ ಮೇಲೆ ಯಾರೋ ನೀರು ಎರಚುತ್ತಾರೆ. ಅವಳು ಇತ್ತ ತಿರುಗಿ, ಅಂಗೈಯಿಂದ ಮುಖ ಒರೆಸಿಕೊಂಡು ನಗುತ್ತಾಳೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ. ಅದು ಪಂಪಾವತಿ, ನಾಟಕದವರಿಂದ ಪಿಚ್ಚರಿನವರ ಕಡೆ ಹೇಗೆ ಸೇರಿದಳೋ. ಕೊರಳಿನ ಎಲುಬು ಕಾಣುತ್ತಿತ್ತು, ಎಣ್ಣೆ ಕಾಣದ ಕೂದಲು. ಅಂದಿನಿಂದ ಒಂದು ಆಟವನ್ನೂ ಕಳಕಮ್ಮ ಬಿಟ್ಟಿರಲಿಲ್ಲ. ಗಂಡನೂ ಒಮ್ಮೆ ಆ ನಗು ನೋಡಲಿ, ಎಂಥ ಕಲ್ಲಾದರೂ ಕರಗುತ್ತದೆ, ಬಾ ಎಂದು ಮಗಳಿಗೆ ಹೇಳಿ ಕಳಿಸಲು ಆತನ ಬಾಯಿಂದ ಒಂದು ಮಾತು ಬಿದ್ದರೆ ಸಾಕು ಎಂದು ಅವಳ ಆಸೆ. ಡೇರೆ ಕುಷ್ಟಗಿಯಲ್ಲಿ ಇರುವುದು ಸಂತೆಯವರೆಗೆ ಮಾತ್ರ.

ದಿನಾ ಕರೆದಳು, ದಿನಾ ಲಾಳಿಯ ಸದ್ದೇ ಉತ್ತರ. ಸಂತೆಯ ದಿನ ಹೊತ್ತು ಇಳಿಯುವಾಗ ವಿರೂಪಾಕ್ಷಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು, ಮುಖ ತೊಳೆದು, ಹಬ್ಬಕ್ಕೆ ಸುತ್ತುವ ರುಮಾಲು ಸುತ್ತಿಕೊಂಡು ಹೊಸ್ತಿಲಲ್ಲಿ ನಿಂತ.

"ಎಷ್ಟೊತ್ತಿಗೆ ಸುರು ಆಕ್ಕೈತಿ?" ಎಂದು ಕೇಳಿದ.

ಕಳಕಮ್ಮ ಒಲೆಯ ಮೇಲಿನ ಗಡಿಗೆ ಇಳಿಸುವುದನ್ನೂ ಮರೆತು ಹೊರಟಳು.

ಡೇರೆಯಲ್ಲಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ, ನಡುವೆ ಒಂದು ಹಗ್ಗ. ಇಬ್ಬರೂ ಹಗ್ಗಕ್ಕೆ ಒತ್ತಿ ಕೂತರು. ಆತ ಪಿಚ್ಚರ್ ಎಂಬುದನ್ನು ನೋಡುತ್ತಿದ್ದದ್ದು ಅದೇ ಮೊದಲು. ದೀಪ ಆರಿ ಪರದೆಯ ಮೇಲೆ ಮನುಷ್ಯರು ಓಡಾಡತೊಡಗಿದಾಗ ಹಿಂದಕ್ಕೆ ಸರಿದು, ಹೆಂಡತಿ ನೋಡಿದಳೇನೋ ಎಂದು ಮತ್ತೆ ನೆಟ್ಟಗೆ ಕೂತ. ಕಳಕಮ್ಮನಿಗೆ ನಗು ಬಂತು. ಎಷ್ಟೋ ವರ್ಷಗಳ ಮೇಲೆ ಗಂಡನ ಮೇಲೆ ಪ್ರೀತಿಯೂ ಉಕ್ಕಿತು.

ಹೊಳೆ ಬಂತು. ಕೊಡ ಹೊತ್ತ ಹುಡುಗಿಯರು ಬಂದರು.

"ಎಡಕ್ಕ ನೋಡ್ರಿ," ಎಂದು ಹಗ್ಗದ ಮೇಲಿಂದ ಪಿಸುಗುಟ್ಟಿದಳು. "ಈಗ ತಿರಗತಾಳ. ಕಣ್ಣ ಮುಚ್ಚಬ್ಯಾಡ್ರಿ."

ಪರದೆ ಒಮ್ಮೆ ಬೆಳ್ಳಗಾಗಿ ಜಿಗಿಯಿತು. ಹಾಡು ನಡುವೆ ಕತ್ತರಿಸಿದ ಹಾಗಾಗಿ ಬೇರೆಲ್ಲಿಂದಲೋ ಹತ್ತಿಕೊಂಡಿತು. ನೀರು ಎರಚಿದ್ದೂ ಇಲ್ಲ, ತಿರುಗಿ ನಕ್ಕದ್ದೂ ಇಲ್ಲ. ಹುಡುಗಿಯರು ಆಗಲೇ ಬೆನ್ನು ಮಾಡಿ ಸಾಲಾಗಿ ಹೊಳೆಗೆ ಇಳಿಯುತ್ತಿದ್ದರು. ಆ ಸಾಲಿನಲ್ಲಿ ಪಂಪಾವತಿ ಇಲ್ಲವೆಂದು ಕಳಕಮ್ಮನಿಗೆ ಚೆನ್ನಾಗಿ ಗೊತ್ತು. ಎಡಗಡೆ ಇಳಿಯುತ್ತಿದ್ದವಳು ಬೇರೆ ಯಾರೋ, ಎತ್ತರದ, ಅಗಲ ಹೆಗಲಿನ ಹೆಣ್ಣು. ಏನಾಯಿತೆಂದು ತಿಳಿಯದೆ ಅವಳು ಪರದೆಯ ಮೂಲೆ ಮೂಲೆ ಹುಡುಕಿದಳು.

ಪಕ್ಕದಲ್ಲಿ ಗಂಡ ಹಗ್ಗ ಹಿಡಿದು ಪರದೆಯ ಕಡೆ ಬಾಗಿದ್ದ.

"ಕಂಡ್ಲು," ಎಂದ ವಿರೂಪಾಕ್ಷಪ್ಪ. "ನಾ ನೇಯ್ದ ಸೀರಿ ಅದು. ಅಕಿ ಮದುವಿಗಂತ ನೇಯ್ದಿದ್ದು. ಹೋಗುವಾಗ ಅದನ್ನ ಉಟ್ಗೊಂಡು ಹೋಗಿದ್ಲು. ಸೆರಗು ನೋಡು, ಸೆರಗು."

ಅಗಲ ಹೆಗಲಿನ ಆ ಹೆಣ್ಣಿನ ಬೆನ್ನ ಮೇಲೆ ಇಳಿದಿದ್ದ ಸೆರಗಿನಲ್ಲಿ ಗೋಪುರಗಳ ಸಾಲಿತ್ತು, ನಿಜ. ಅಂಥ ಸೆರಗಿನ ಸೀರೆಯನ್ನು ಇಳಕಲ್ಲಿನಿಂದ ಕೊಲ್ಲಾಪುರದ ತನಕ ಮನೆಗೊಬ್ಬಳು ಉಡುತ್ತಾಳೆ. ನೇಯುವವನ ಕಣ್ಣು, ಮನುಷ್ಯರಿಗಿಂತ ಮೊದಲು ಸೀರೆ ನೋಡಿತ್ತು. ಅಲ್ಲ ಎನ್ನಲು ಬಾಯಿ ತೆರೆದ ಕಳಕಮ್ಮ, ಪರದೆಯ ಬೆಳಕಿನಲ್ಲಿ ಆತನ ಮುಖ ನೋಡಿ ಸುಮ್ಮನಾದಳು. ಅವ್ವ ಸತ್ತಾಗಲೂ ಅಳದ ಮನುಷ್ಯ, ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಅಳುತ್ತಿದ್ದ.

ಆಟ ಮುಗಿದ ಮೇಲೆ ಗಂಡನನ್ನು ಬೇವಿನ ಮರದ ಹತ್ತಿರ ನಿಲ್ಲಿಸಿ, ನೀರು ಕುಡಿದು ಬರುತ್ತೇನೆಂದು ಹೇಳಿ, ಅವಳು ಡೇರೆಯ ಹಿಂದಕ್ಕೆ ಹೋದಳು. ಮಿಷನ್ ನಡೆಸುವ ಕೊಟ್ರಪ್ಪ ರೀಲುಗಳನ್ನು ಡಬ್ಬಿಗೆ ತುಂಬುತ್ತಿದ್ದ.

"ಹೊಳಿ ಹಾಡಿನಾಗ ಒಬ್ಬ ಹುಡುಗಿ ತಿರುಗಿ ನಗತಿದ್ಲಲ್ಲಪಾ. ಇವತ್ತ ಬರಲೇ ಇಲ್ಲ."

"ಮಧ್ಯಾಹ್ನ ಮಿಷನ್ನಿಗಿ ಹಾಕಿ ನೋಡುವಾಗ ಸಿಕ್ಕೊಂಡು ಚಿಂದಿ ಆತವ್ವಾ. ಹರಕ ಕತ್ತರಿಸಿ ಅಂಟಿಸೀನಿ. ಭಾಳೇನಿಲ್ಲ, ಒಂದ ನಾಕು ಮೊಳ ಹೋತು."

"ಆ ತುಂಡು ಎಲ್ಲೈತಿ?"

"ಒಲಿಗೆ ಹಾಕಿದೆ. ಇಟ್ಕೊಂಡರ ಬೆಂಕಿ ಹತ್ತೂ ಸಾಮಾನು ಅದು." ಅವಳ ಮುಖ ನೋಡಿ, ಸಮಾಧಾನ ಮಾಡುವವನಂತೆ ಹೇಳಿದ: "ಕಥಿಗೇನೂ ಕಮ್ಮಿ ಆಗಿಲ್ಲ ಬಿಡವ್ವಾ. ಅಕಿ ಇದ್ರೂ ಅದ, ಇಲ್ಲದಿದ್ರೂ ಅದ."

ಕಳಕಮ್ಮ ಕತ್ತಲಲ್ಲಿ ಡೇರೆಯ ಗೂಟಗಳನ್ನು ದಾಟುತ್ತ ಹಿಂದಿರುಗಿದಳು. ಅಳು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಮರದ ಹತ್ತಿರ ಬಂದಾಗ ವಿರೂಪಾಕ್ಷಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ನಿನಗ ಮಾರಿ ತೋರಿಸಿದ್ಲು, ನನಗ ಬೆನ್ನ ತೋರಿಸಿದ್ಲು," ಎಂದ. "ಸಿಟ್ಟಾಗ್ಯಾಳ. ನಾ ಮಾಡಿದ್ದು ಅಕೀಗಿ ಗೊತ್ತಾಗಿರಬೇಕು, ಅಲ್ಲೇನ?"

ನಿಜ ಹೇಳುವುದು ಒಂದೇ ಮಾತಿನ ಕೆಲಸ. ಹೇಳಿದರೆ ಮಗಳು ಬೆನ್ನು ತೋರಿಸಿದಳೆಂಬ ನೋವು ಆತನಿಗೆ ತಪ್ಪುತ್ತದೆ, ಆತನ ಪಾಲಿಗೆ ಅವಳು ಮಾತ್ರ ಮತ್ತೆ ಸಾಯುತ್ತಾಳೆ. ಇನ್ನೊಮ್ಮೆ ಕರೆದರೆ ಈತ ಬರುವವನಲ್ಲ. ಬಂದರೂ ತೋರಿಸಲು ಈಗ ಏನೂ ಉಳಿದಿರಲಿಲ್ಲ.

"ಹೌದ್ರಿ," ಎಂದಳು ಕಳಕಮ್ಮ. "ಸಿಟ್ಟ ಇಳೀತೈತಿ."

"ಡೇರೆ ನಾಳಿಗಿ ಯಲಬುರ್ಗಾಕ್ಕ ಹೋಕ್ಕೈತಂತ. ನಾವೂ ಹೋಗೂಣು. ಅಲ್ಲೆರ ತಿರಗತಾಳೇನೋ."

ಅರ್ಧ ನೇಯ್ದ ಸೀರೆಯನ್ನು ಮಗ್ಗದಲ್ಲೇ ಬಿಟ್ಟು, ಗಾಡಿ ಹಿಡಿದು ಹೋದರು. ಯಲಬುರ್ಗಾದಲ್ಲಿ ಜನ ಕಿಕ್ಕಿರಿದಿದ್ದರು. ಹೊಳೆಯ ಹಾಡು ಜಿಗಿದು ಹುಡುಗಿಯರು ನೀರಿಗೆ ಇಳಿಯತೊಡಗಿದಾಗ ವಿರೂಪಾಕ್ಷಪ್ಪ ಗಂಡಸರ ನಡುವೆ ಎದ್ದು ನಿಂತ.

"ಯವ್ವಾ," ಎಂದು ಕರೆದ. "ತಪ್ಪಾತವ್ವಾ. ಈ ಕಡಿ ಒಮ್ಮಿ ನೋಡ ನನ್ನವ್ವ."

ಹಿಂದಿನವರು ಕೂಡಪಾ, ಕೂಡು ಎಂದು ಬೈದರು. ಯಾರೋ ನಕ್ಕರು. ಕಳಕಮ್ಮ ಹಗ್ಗದ ಅಡಿಯಿಂದ ಕೈ ಚಾಚಿ ಆತನ ಧೋತರದ ಚುಂಗು ಹಿಡಿದುಕೊಂಡಳು, ಕೂಡಿರಿ ಎಂದು ಎಳೆಯಲಿಲ್ಲ. ಪರದೆಯ ಮೇಲೆ ಆ ಎತ್ತರದ ಹೆಣ್ಣು ಮೊಳಕಾಲುದ್ದ ನೀರಿಗೆ ಇಳಿದು, ಕೊಡ ಅದ್ದಿ, ತುಂಬುವುದನ್ನೇ ಕಾಯುತ್ತ ನಿಂತಿದ್ದಳು.